ಪರ್ಶಿಯಾದ ಸಾಮ್ರಾಟ ಸೈರಸ್: ಅವನು ಹೇಳಿದ್ದೇನು, ಜನ ಹೇಳಿಸಿದ್ದೇನು?

ಕಹ್ಫ್ ಅಧ್ಯಾಯ ಓದಿದವರಿಗೆ ಝುಲ್ಕರ್ನೈನ್ ಎಂಬ ಹೆಸರು ಹೊಸದಲ್ಲ. ಪೂರ್ವ ಪಶ್ಚಿಮಗಳಿಗೆ ದಂಡೆತ್ತಿ ಹೋದ, ದಾಳಿಕೋರರಿಂದ ನೊಂದ ಜನರಿಗೆ ಪ್ರತಿಫಲ ಪಡೆಯದೆ ತಡೆಗೋಡೆ ಕಟ್ಟಿಕೊಟ್ಟ ಆ ಅರಸ ಯಾರು? ಕುರ್‌ಆನ್ ಅವನ ನಿಜ ಹೆಸರನ್ನು ಹೇಳುವುದಿಲ್ಲ. ಅವನು ಅಲೆಕ್ಸಾಂಡರನೆಂದು ಹಿಂದಿನ ಅನೇಕ ವ್ಯಾಖ್ಯಾನಕಾರರು ಬರೆದರು. ಮೌಲಾನಾ ಅಬುಲ್ ಕಲಾಂ ಆಝಾದರು ಅದನ್ನೊಪ್ಪದೆ, ತಮ್ಮ 'ತರ್ಜುಮಾನುಲ್ ಕುರ್‌ಆನ್'ನಲ್ಲಿ ಪರ್ಶಿಯಾದ ಸೈರಸನನ್ನು ಸೂಚಿಸಿದರು. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಮೇದ್ಯ ಮತ್ತು ಪರ್ಶಿಯಾಗಳ ಸಂಕೇತವಾಗಿ ಎರಡು ಕೊಂಬಿನ ಟಗರು ಬರುತ್ತದೆ. ಝುಲ್ಕರ್ನೈನ್ ಎಂಬುದರ ಅರ್ಥವೂ ಎರಡು ಕೊಂಬಿನವನು ಎಂದೇ. ಇರಾನಿನ ಪಸಾರ್ಗಡೆಯಲ್ಲಿ ಕೊಂಬಿನ ಕಿರೀಟ ಧರಿಸಿದ, ರೆಕ್ಕೆಗಳುಳ್ಳ ಕಲ್ಲಿನ ಉಬ್ಬುಶಿಲ್ಪವೊಂದಿದೆ. ಅದು ಸೈರಸನದೇ ಎಂಬುದನ್ನು ವಿದ್ವಾಂಸರೆಲ್ಲ ಒಪ್ಪುವುದಿಲ್ಲ. ಮೌಲಾನಾರದು ಒಂದು ಅಭಿಪ್ರಾಯ, ಅದನ್ನು ಹಾಗೆಯೇ ತೆಗೆದುಕೊಳ್ಳೋಣ. ಆದರೆ ಅಂತಹ ವಿದ್ವಾಂಸರ ಗಮನ ಸೆಳೆದ ಈ ಅರಸ ಯಾರೆಂದು ತಿಳಿಯುವುದು ಬೇಡವೇ?

ಸೈರಸ್ ಇಂದಿನ ಇರಾನಿನ ಫಾರ್ಸ್ ಪ್ರಾಂತದ ಅನ್ಶಾನ್ ಎಂಬ ಸಣ್ಣ ರಾಜ್ಯದ ಅರಸನ ಮಗ. ಕ್ರಿ.ಪೂ. 559ರ ಸುಮಾರಿಗೆ ಪಟ್ಟಕ್ಕೆ ಬಂದ. ಅವನ ಬಾಲ್ಯದ ಬಗ್ಗೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಒಂದು ಸೊಗಸಾದ ಕಥೆ ಹೇಳುತ್ತಾನೆ. ಕನಸಿಗೆ ಹೆದರಿದ ಅಜ್ಜ ಮಗುವನ್ನು ಕೊಲ್ಲಲು ಆಜ್ಞಾಪಿಸುತ್ತಾನೆ, ದನ ಕಾಯುವವನ ಮನೆಯಲ್ಲಿ ಮಗು ಬದುಕುತ್ತದೆ. ಇಂತಹ ಕಥೆಗಳು ಹಲವು ದೇಶಗಳ ವೀರರ ಬಗ್ಗೆ ಇವೆ, ಆದ್ದರಿಂದ ಇದನ್ನು ಕಥೆಯೆಂದೇ ಓದಿ.

ಕ್ರಿ.ಪೂ. 550ರಲ್ಲಿ ಮೇದ್ಯರ ಅರಸ ಅಸ್ತ್ಯಾಗಸ್ ಅವನ ಮೇಲೆ ದಂಡೆತ್ತಿದಾಗ, ಅಸ್ತ್ಯಾಗಸನ ಸೈನ್ಯವೇ ದಂಗೆಯೆದ್ದು ತನ್ನ ಅರಸನನ್ನು ಹಿಡಿದು ಸೈರಸನಿಗೆ ಒಪ್ಪಿಸಿತು. ಮುಂದೆ ಇಂದಿನ ತುರ್ಕಿಯಲ್ಲಿದ್ದ ಲಿಡಿಯಾದ ಸರದಿ. ಅದರ ಅರಸ ಕ್ರೋಸಸನ ಐಶ್ವರ್ಯ ಜಗತ್ಪ್ರಸಿದ್ಧ. ಸೈರಸ್ ಸಾಮಾನು ಹೊರುವ ಒಂಟೆಗಳನ್ನು ಸೈನ್ಯದ ಮುಂದೆ ನಿಲ್ಲಿಸಿದನಂತೆ, ಅವುಗಳ ವಾಸನೆಗೇ ಲಿಡಿಯಾದ ಕುದುರೆಗಳು ಹಿಂದಿರುಗಿ ಓಡಿದವಂತೆ!

ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಬಾಬಿಲೋನ್ ಅವನ ವಶವಾಯಿತು. ನಗರದೊಳಗೆ ಯುದ್ಧ ನಡೆಯಲಿಲ್ಲ. ಆದರೆ ಅದಕ್ಕೆ ಮೊದಲು ಓಪಿಸ್ ಬಳಿ ಹತ್ಯೆಯೂ ಲೂಟಿಯೂ ನಡೆದವೆಂದು ಬಾಬಿಲೋನಿನ ದಾಖಲೆಯೇ ಹೇಳುತ್ತದೆ. ಸೈರಸನನ್ನು ಹೊಗಳುವವರು ಈ ಸಾಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1879ರಲ್ಲಿ ಹೊರ್ಮುಝ್ದ್ ರಸ್ಸಾಮ್ ಬಾಬಿಲೋನಿನಲ್ಲಿ ನಡೆಸಿದ ಉತ್ಖನನದಲ್ಲಿ ಗೇಣುದ್ದದ ಮಣ್ಣಿನ ಉರುಳೆಯೊಂದು ಸಿಕ್ಕಿತು. ಇಂದು ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ ಬೆಣೆಲಿಪಿಯಲ್ಲಿ ಸೈರಸನ ಹೆಸರಿನ ಶಾಸನವಿದೆ. ಹಿಂದಿನ ಅರಸ ನಬೊನಿಡಸ್ ತಪ್ಪು ಮಾಡಿದ, ಬಾಬಿಲೋನಿನ ದೇವರಾದ ಮರ್ದುಕನೇ ನನ್ನನ್ನು ಆರಿಸಿದ, ಕೆಲವು ಊರುಗಳ ದೇವತೆಗಳನ್ನು ಅವರವರ ಗುಡಿಗಳಿಗೆ ಹಿಂದಿರುಗಿಸಿದೆ, ಜನರನ್ನು ಅವರ ನೆಲೆಗಳಿಗೆ ಕಳುಹಿಸಿದೆ ಎಂಬುದು ಅದರ ಸಾರ. ಗೆದ್ದ ನಾಡಿನ ದೇವರ ಹೆಸರಿನಲ್ಲೇ ಗೆದ್ದವನು ಮಾತನಾಡುವುದು ಜಾಣ ರಾಜತಂತ್ರ. ಅಲ್ಲಿನ ಹಳೆಯ ಅರಸರೂ ಇಂತಹ ಶಾಸನಗಳನ್ನು ಬರೆಸುತ್ತಿದ್ದರು.

ಇದೇ ಉರುಳೆಯನ್ನು 1971ರಲ್ಲಿ ಇರಾನಿನ ಶಹಾ ತನ್ನ ಅದ್ದೂರಿ ರಾಜೋತ್ಸವದ ಲಾಂಛನ ಮಾಡಿಕೊಂಡ. ಜಗತ್ತಿನ ಮೊದಲ ಮಾನವ ಹಕ್ಕುಗಳ ಘೋಷಣೆ ಎಂಬ ಬಿರುದಿನೊಡನೆ ಅದರ ಪ್ರತಿಕೃತಿ ವಿಶ್ವಸಂಸ್ಥೆಗೂ ಹೋಯಿತು. ಕ್ರಮೇಣ ಒಂದು ನಕಲಿ ಅನುವಾದವೂ ಹುಟ್ಟಿಕೊಂಡಿತು. ಸೈರಸ್ ಗುಲಾಮಗಿರಿ ರದ್ದುಮಾಡಿದ, ಜನ ಒಪ್ಪದಿದ್ದರೆ ಆಳುವುದಿಲ್ಲವೆಂದ ಎಂಬಿತ್ಯಾದಿ ಅದರಲ್ಲಿದೆ. ಶಾಸನದಲ್ಲಿ ಇವು ಯಾವುವೂ ಇಲ್ಲ! ಅಂತರ್ಜಾಲದಲ್ಲಿ ನಿಮಗೂ ಈ ಅನುವಾದ ಸಿಗಬಹುದು. ಪ್ರಬಂಧಕ್ಕೆ ನಕಲು ಮಾಡುವ ಮುನ್ನ ಮ್ಯೂಸಿಯಂ ಪ್ರಕಟಿಸಿರುವ ಅನುವಾದವನ್ನು ಒಮ್ಮೆ ನೋಡಿ.

ಹಾಗಾದರೆ ಅವನ ಹಿರಿಮೆ ಬರಿಯ ಸುಳ್ಳೇ? ಇಲ್ಲ. ನೆಬುಕದ್ನೆಚ್ಚರ್ ಜೆರುಸಲೇಮನ್ನು ಕೆಡವಿ ಯಹೂದಿಗಳನ್ನು ಬಾಬಿಲೋನಿಗೆ ಸಾಗಿಸಿದ್ದ. ಅವರಿಗೆ ತಮ್ಮ ನಾಡಿಗೆ ಮರಳಿ ಆಲಯ ಕಟ್ಟಲು ಅನುಮತಿ ಕೊಟ್ಟವನು ಸೈರಸ್ ಎಂದು ಬೈಬಲಿನ ಎಜ್ರನ ಗ್ರಂಥ ಸ್ಮರಿಸುತ್ತದೆ. ಉರುಳೆಯಲ್ಲಿ ಯಹೂದಿಗಳ ಹೆಸರಿಲ್ಲ, ನಿಜ. ಆದರೂ ಅದರಲ್ಲಿ ಕಾಣುವ ನೀತಿಯೂ ಎಜ್ರನ ಮಾತೂ ಒಂದಕ್ಕೊಂದು ಹೊಂದುತ್ತವೆ. ಸೋತವರನ್ನು ಕಿತ್ತು ಸಾಗಿಸುವುದೇ ರಾಜನೀತಿಯಾಗಿದ್ದ ಕಾಲ ಅದು. ರಾಜತಂತ್ರವೇ ಆಗಿರಲಿ, ಊರಿಗೆ ಮರಳಿದವರಿಗೆ ಅದು ಸಣ್ಣ ಸಂಗತಿಯೇ?

ಅವನು ಕ್ರಿ.ಪೂ. 530ರಲ್ಲಿ ತೀರಿಕೊಂಡ. ಮಗ ಕಾಂಬಿಸಸ್ ಈಜಿಪ್ಟನ್ನು ಗೆದ್ದ, ಮುಂದೆ ಡೇರಿಯಸ್ ಆಡಳಿತವನ್ನು ಬಿಗಿಗೊಳಿಸಿದ. ಸೈರಸ್ ಕಟ್ಟಿದ ಸಾಮ್ರಾಜ್ಯ ಅಲೆಕ್ಸಾಂಡರನ ದಾಳಿಯವರೆಗೆ, ಸುಮಾರು 200 ವರ್ಷ ಬಾಳಿತು.

ಪಸಾರ್ಗಡೆಯಲ್ಲಿ ಆರು ಮೆಟ್ಟಿಲಿನ ಪೀಠದ ಮೇಲೆ ಅವನ ಕಲ್ಲಿನ ಗೋರಿ ಇಂದಿಗೂ ನಿಂತಿದೆ. ಇಸ್ಲಾಮಿನ ಆಗಮನದ ನಂತರ ಜನ ಅದನ್ನು ಪ್ರವಾದಿ ಸುಲೈಮಾನರ ತಾಯಿಯ ಗೋರಿಯೆಂದು ನಂಬಿ ಗೌರವಿಸಿದರು. ಒಳಗಿನ ಗೋಡೆಯಲ್ಲಿ ಮಿಹ್ರಾಬ್ ಕೆತ್ತಿದರು, 13ನೇ ಶತಮಾನದಲ್ಲಿ ಸುತ್ತಲೂ ಒಂದು ಮಸೀದಿಯೂ ಎದ್ದಿತು. ಗೋರಿ ಯಾರದೆಂದು ತಿಳಿಯದೆಯೇ ಅವರು ಅದನ್ನು ಶತಮಾನಗಳ ಕಾಲ ಕಾಪಾಡಿದರು. 2004ರಲ್ಲಿ ಯುನೆಸ್ಕೋ ಪಸಾರ್ಗಡೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.