ಮಳಖೇಡದಲ್ಲಿ ಇಳಿಯುವವರಿಗೆ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆ ಹೋಗುವ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ಹಾದುಹೋಗುತ್ತದೆ. ನಿಜಾಮರ ಆಡಳಿತದಲ್ಲಿ, 1874ರಲ್ಲಿ ಈ ಮಾರ್ಗ ತೆರೆದಂದಿನಿಂದ ಇಲ್ಲಿಗೆ ಬಂದ ವ್ಯಾಪಾರಿಗಳು ಮೊದಲು ಕಲ್ಲಿಗಾಗಿ, ಆಮೇಲೆ ಸಿಮೆಂಟಿಗಾಗಿ ಬಂದವರು. ಶಹಾಬಾದಿ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲವಾಯಿತು. ಕನ್ನಡದ ಮೊದಲ ಉಪಲಬ್ಧ ಗ್ರಂಥದ ನೆಲವೂ ಇದೇ ಎಂಬ ಮಾತು ಪಠ್ಯಪುಸ್ತಕ ಬಿಟ್ಟು ಹೊರಬರಲಿಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ಶ್ರೀವಿಜಯ 'ಕವಿರಾಜಮಾರ್ಗ'ವನ್ನು ರಚಿಸಿದ. ನೂರು ವರ್ಷದ ನಂತರ ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತ ಅಪಭ್ರಂಶದಲ್ಲಿ ಮಹಾಪುರಾಣ ಬರೆದದ್ದೂ ಇಲ್ಲಿಯೇ. 972ರಲ್ಲಿ ಪರಮಾರ ಸೀಯಕ ಊರನ್ನು ಸೂರೆಮಾಡಿದ. ಒಂದು ಸೋಜಿಗ: ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕವಿರಾಜಮಾರ್ಗ ಹೆಸರಿಸುವ ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಅರಸನ ರಾಜಧಾನಿಗೇ ಆ ಸಾಲಿನಲ್ಲಿ ಜಾಗವಿಲ್ಲ! ಆಸ್ಥಾನದ ಗ್ರಂಥದಲ್ಲಿ ಇಂಥ ನಿಷ್ಠುರತೆ ಅಪರೂಪ.

ಕುಪ್ಪಳಿಗೆ ಹೋದವರಿಗೆ ಕುವೆಂಪು ಅವರ ಕವಿಮನೆಯಿದೆ, ಕವಿಶೈಲವಿದೆ. ಮಳಖೇಡದಲ್ಲಿ ಕೋಟೆಯಿದೆ, ನೇಮಿನಾಥ ಬಸದಿಯಿದೆ, ಕಾಗಿಣಾ ನದಿಯಿದೆ; ಕವಿಯ ಮನೆಯಿಲ್ಲ. ಕಥೆ ಗೊತ್ತಿಲ್ಲದೆ ಬಂದವನಿಗೆ ಅದೊಂದು ಹಳೆಯ ಕೋಟೆ, ಅಷ್ಟೆ. ಆದ್ದರಿಂದ ಇಲ್ಲಿ ಸಾಹಿತ್ಯ ಪ್ರವಾಸ ಎಂದರೆ ಪ್ರತಿಮೆ, ಮಹಾದ್ವಾರಗಳ ಕಾಮಗಾರಿಯಾಗಬಾರದು. ಆ ಪದ್ಯಗಳನ್ನು ಅಲ್ಲೇ ನಿಂತು ಓದಿ ಅರ್ಥ ಹೇಳುವವರು ಬೇಕು, ಕೋಟೆಯ ಬಾಗಿಲಲ್ಲಿ ಪುಸ್ತಕದ ಪ್ರತಿ ಸಿಗಬೇಕು.

ಶಹಾಬಾದ್ ಬಳಿಯ ಮರತೂರು 'ಮಿತಾಕ್ಷರ'ದ ವಿಜ್ಞಾನೇಶ್ವರನ ಊರು. ಹಿಂದೂ ಕುಟುಂಬಗಳ ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಬ್ರಿಟಿಷರ ಕೋರ್ಟುಗಳೂ ಆಧಾರವಾಗಿ ಹಿಡಿದ ಗ್ರಂಥ ಅದು. ಸನ್ನತಿಯಲ್ಲಿ ಅಶೋಕನ ಶಾಸನವಿದೆ. ಚಿಂಚೋಳಿಯ ವನ್ಯಧಾಮಕ್ಕೆ ಹೊರಟವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡರೆ ಇವುಗಳಲ್ಲಿ ಕೆಲವನ್ನಾದರೂ ನೋಡಬಹುದು.

ನನ್ನನ್ನು ಕೇಳಿದರೆ ಈ ಕೆಲಸ ಆರಂಭವಾಗಬೇಕಾದದ್ದು ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನವಿತ್ತು. ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ ಸುಮಾರು 50 ಮಂದಿ, ಅವರಿಗೆ ಉಪಾಧ್ಯಾಯರು, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು, ಇದ್ದರೆಂದು 1058ರ ಶಾಸನ ಲೆಕ್ಕ ಕೊಡುತ್ತದೆ. ಅವರ ಜೀವನಕ್ಕೆ ಭೂಮಿಯನ್ನೂ ದತ್ತಿ ಬಿಟ್ಟಿದ್ದರು. ಇಂದು ಅದೇ ಊರಿನ, ಶಾಸನ ಓದಬಲ್ಲ ಒಬ್ಬ ಹುಡುಗ ಅಥವಾ ಹುಡುಗಿಗೆ ತಿಂಗಳ ಸಂಬಳ ಗೊತ್ತುಮಾಡುವುದು ಅಷ್ಟು ದೊಡ್ಡ ಬಾಬತ್ತಲ್ಲ.