ಆರ್ಕ್ ಕಿರುಪ್ರತಿಮೆಗಳ ವರ್ಣಲೇಪನ ಮತ್ತು ಛಾಯಾಗ್ರಹಣ

ಆರ್ಕ್ ಕಿರುಪ್ರತಿಮೆಗಳು ಮೇಜಿನ ಮೇಲೆ ಆಡುವ ಯುದ್ಧದ ಆಟಗಳಲ್ಲಿ ಬಳಸುವ, ಲೋಹ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಗೊಂಬೆಗಳು. ಆರ್ಕ್ ಎಂಬ ಕಾಲ್ಪನಿಕ ಜನಾಂಗವನ್ನು ಪ್ರಸಿದ್ಧಗೊಳಿಸಿದವರು ಜೆ. ಆರ್. ಆರ್. ಟೋಲ್ಕೀನ್. ಆದರೆ ಇಂದು ಎಲ್ಲರೂ ಗುರುತಿಸುವ ಹಸಿರು ಮೈಬಣ್ಣ ಅವರ ಕೊಡುಗೆಯಲ್ಲ. ಅದು ರೂಢಿಗೊಳ್ಳಲು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು 1983ರಲ್ಲಿ ಪ್ರಕಟಿಸಿದ 'ವಾರ್‌ಹ್ಯಾಮರ್' ಆಟವು ಬಹುಮಟ್ಟಿಗೆ ಕಾರಣ.

ಇವುಗಳ ಸಾಮಾನ್ಯ ಅಳತೆ 28 ಮಿ.ಮೀ. ಇಷ್ಟು ಚಿಕ್ಕ ಗೊಂಬೆಯ ಮಡಿಕೆಗಳಲ್ಲಿ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಮೂಡಿಸುವುದಿಲ್ಲ. ಆದುದರಿಂದ ನೆರಳು, ಬೆಳಕು ಎರಡನ್ನೂ ಬಣ್ಣದಿಂದಲೇ ಸೃಷ್ಟಿಸಬೇಕಾಗುತ್ತದೆ. ಮೊದಲು ಅಸ್ತರಿ ಬಣ್ಣ, ಅದರ ಮೇಲೆ ಹಸಿರು ಲೇಪ. ಬಳಿಕ ತೆಳುವಾದ ಕಡುಬಣ್ಣವನ್ನು ಹರಿಸಿದರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ ದವಡೆ, ಹುಬ್ಬು, ಬೆರಳಗಂಟುಗಳಿಗೆ ತಿಳಿಹಸಿರು. ಮೈಯೆಲ್ಲ ಹಸಿರಾದಾಗ ಗೊಂಬೆ ಸಪ್ಪೆಯಾಗಿ ಕಾಣುವುದರಿಂದ ಕೆಂಪು ಬಟ್ಟೆ, ತುಕ್ಕು ಹಿಡಿದ ಆಯುಧ, ಹಳದಿಗಟ್ಟಿದ ಕೋರೆಹಲ್ಲುಗಳಿಗೆ ವಿಶೇಷ ಮಹತ್ತ್ವವಿದೆ.

ಛಾಯಾಚಿತ್ರ ತೆಗೆಯುವಾಗ ಈ ಕೃತಕ ನೆರಳನ್ನು ಉಳಿಸಿಕೊಳ್ಳುವುದೇ ಕಷ್ಟ. ನೇರವಾದ ಫ್ಲ್ಯಾಶ್ ಅದನ್ನು ಅಳಿಸಿಹಾಕುತ್ತದೆ. ಬಿಳಿ ಕಾಗದ ಅಥವಾ ಬಟ್ಟೆಯ ಮೂಲಕ ಹಾಯ್ದ ಮೃದು ಬೆಳಕು ಲೇಸು. ಹಳದಿ ಬಲ್ಬಿನ ಬೆಳಕಿನಲ್ಲಿ ಹಸಿರಿನ ಛಾಯೆ ಬದಲಾಗುವುದರಿಂದ ವೈಟ್ ಬ್ಯಾಲೆನ್ಸ್ ಸರಿಪಡಿಸಬೇಕು. ಸಮೀಪದಿಂದ ತೆಗೆದಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರು: ಮೂಗು ಸ್ಪಷ್ಟವಾಗಿದ್ದರೆ ಹಿಂದಿನ ಕೊಡಲಿ ಮಸುಕು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿರಿಸಿ ದ್ಯುತಿರಂಧ್ರವನ್ನು ಕಿರಿದಾಗಿಸುವುದು ಇದಕ್ಕೆ ಪರಿಹಾರ. ಕೈಯಳತೆಯ ದೂರದಲ್ಲಿ ಕಣ್ಣಿಗೆ ಬೀಳದ ಕುಂಚದ ದೋಷಗಳೂ ಇಂತಹ ಚಿತ್ರದಲ್ಲಿ ಎದ್ದು ಕಾಣುವುದರಿಂದ, ಅನೇಕರು ಗೊಂಬೆಯನ್ನು ತಿದ್ದಲು ಛಾಯಾಚಿತ್ರವನ್ನೇ ಬಳಸುತ್ತಾರೆ.