ಬಂಕಾಪುರ ಸೀಮೆ: ರೊಟ್ಟಿಯ ತಟ್ಟೆಗೆ ಅಕ್ಕಿ ಬಂದ ಬಗೆ

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಎರಡು ಊಟಗಳ ನಡುವಣ ಊರು. ಪಶ್ಚಿಮಕ್ಕೆ ಮಲೆನಾಡಿನ ಸೆರಗಾದ ಹಾನಗಲ್ಲಿನ ಭತ್ತದ ಗದ್ದೆಗಳು. ಪೂರ್ವಕ್ಕೆ ಸವಣೂರಿನ ಕಡೆಯ ಎರೆಹೊಲಗಳು. ಹಾನಗಲ್ಲಿನವರಿಗೆ ಅನ್ನ ಹೊಸದಲ್ಲ. ಎರೆಸೀಮೆಯಲ್ಲಿ ಮಾತ್ರ ಅಕ್ಕಿ ಬಹುಕಾಲ ಹಬ್ಬದ ಧಾನ್ಯವಾಗಿಯೇ ಉಳಿದಿತ್ತು. ನಿತ್ಯದ ಊಟವೆಂದರೆ ಜೋಳದ ರೊಟ್ಟಿ, ಪುಂಡಿಪಲ್ಯೆ, ನುಚ್ಚು, ಮಜ್ಜಿಗೆ. ಒಡೆಯನ ಅನ್ನದ ಋಣವನ್ನು ಹಳಗನ್ನಡವು ‘ಜೋಳದ ಪಾಳಿ’ ಎಂದೇ ಕರೆದಿದೆ.

ಈ ಊಟ ಬದಲಾದದ್ದು ಕೇವಲ ರುಚಿಯ ಕಾರಣದಿಂದಲ್ಲ. 1965–66ರ ಬರದ ಬಳಿಕ, 1966ರಲ್ಲಿ ದೇಶವು ಸುಮಾರು 1 ಕೋಟಿ ಟನ್ ಧಾನ್ಯವನ್ನು ಆಮದು ಮಾಡಿಕೊಂಡಿತು. ಅಮೆರಿಕದ ಗೋಧಿ ಪಡಿತರ ಅಂಗಡಿಗಳನ್ನು ತಲುಪಿತು. ಅನಂತರ ಹಸಿರು ಕ್ರಾಂತಿಯ ನೀರು, ಗೊಬ್ಬರ, ಸರ್ಕಾರಿ ಖರೀದಿಗಳೆಲ್ಲ ಹೆಚ್ಚಾಗಿ ಒದಗಿದ್ದು ಅಕ್ಕಿ ಮತ್ತು ಗೋಧಿಗೆ. ಜೋಳ, ಸಾವೆ, ನವಣೆಗಳು ಮಳೆಯನ್ನೇ ನಂಬಿ ಉಳಿದವು.

ಹೊಲವೂ ಬದಲಾಯಿತು. ಮುಂಗಾರಿ ಜೋಳಕ್ಕೆ ಹಕ್ಕಿಗಳ ಕಾಟ. ತೆನೆ ಬಲಿಯುವಾಗ ಮಳೆ ಹಿಡಿದರೆ ಕಾಳು ಕಪ್ಪಾಗುತ್ತದೆ. ಗೋವಿನಜೋಳದಲ್ಲಿ ಇಳುವರಿ ಹೆಚ್ಚು, ಕೋಳಿ ಆಹಾರದ ಕಾರ್ಖಾನೆಗಳಿಂದ ಬೇಡಿಕೆಯೂ ಉಂಟು. ಹೀಗೆ ಹಾವೇರಿಯು ರಾಜ್ಯದ ಪ್ರಮುಖ ಗೋವಿನಜೋಳದ ಜಿಲ್ಲೆಗಳಲ್ಲಿ ಒಂದಾಯಿತು. ಆದರೆ ಜೋಳ ಮನೆಗೆ ಕಾಳನ್ನೂ ಎತ್ತಿಗೆ ಕಣಿಕೆಯನ್ನೂ ಕೊಡುತ್ತಿತ್ತು. ಗೋವಿನಜೋಳ ಕೊಡುವುದು ಮುಖ್ಯವಾಗಿ ಹಣವನ್ನು, ಅದೂ ಬೀಜ ಮತ್ತು ಗೊಬ್ಬರಕ್ಕೆ ಮೊದಲೇ ಹಣ ಸುರಿದ ಮೇಲೆ. ಆ ಅವಲಂಬನೆ ಎಷ್ಟು ಆಳವಾಗಿತ್ತೆಂಬುದು 2008ರ ಜೂನ್ 10ರಂದು ಹಾವೇರಿಯಲ್ಲಿ ಬಯಲಾಯಿತು: ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ನಡೆಸಿದರು.

2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಜಾರಿಗೆ ಬಂದಿತು. ಬಡ ಕುಟುಂಬಕ್ಕೆ ಕೆ.ಜಿ.ಗೆ 1 ರೂಪಾಯಿಯಂತೆ ತಿಂಗಳಿಗೆ ಗರಿಷ್ಠ 30 ಕೆ.ಜಿ. ಧಾನ್ಯ ದೊರೆಯಿತು, 2015ರಿಂದ ಅದು ಉಚಿತವಾಯಿತು. ಹಸಿವಿನ ಭಯವನ್ನು ಈ ಅಕ್ಕಿ ತಗ್ಗಿಸಿತೆಂಬುದರಲ್ಲಿ ಸಂದೇಹವಿಲ್ಲ. ಅದರೊಂದಿಗೆ ಹಳೆಯ ಲೆಕ್ಕ ತಲೆಕೆಳಗಾಯಿತು. ಬಡವರ ಧಾನ್ಯವೆನಿಸಿದ್ದ ಜೋಳವನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ತರಬೇಕು. ಉಳ್ಳವರ ಅಕ್ಕಿ ಪುಕ್ಕಟೆ. ರೊಟ್ಟಿ ತಟ್ಟಲು ಬೇಕಾದ ಸಮಯ ಮತ್ತು ಸೌದೆಯ ಮಾತೂ ಇದೆ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಅನ್ನ ಹಗುರ.

ನಷ್ಟವಾದದ್ದು ಸತ್ವ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ, 10 ಗ್ರಾಂ ನಾರು ಇವೆ. ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂ ಒಳಗೆ. ಉತ್ತರ ಕರ್ನಾಟಕದ ಪಡಿತರಕ್ಕೆ ಜೋಳವನ್ನು ಸೇರಿಸುವ ಪ್ರಯತ್ನವನ್ನು ಸರ್ಕಾರ ಮಾಡಿತಾದರೂ ಅಕ್ಕಿಯ ಸ್ಥಾನ ಕದಲಲಿಲ್ಲ.

2025–26ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ನವೆಂಬರಿನಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು, ಹಾವೇರಿ, ಗದಗ ಭಾಗದ ರೈತರು ಖರೀದಿ ಕೇಂದ್ರಗಳಿಗಾಗಿ ಹೋರಾಟಕ್ಕಿಳಿದರು. ಗೋವಿನಜೋಳ ಮಾರಿದ ಹಣದಲ್ಲಿಯೇ ರೊಟ್ಟಿಯ ಜೋಳ ಕೊಳ್ಳಬೇಕಾದ ಮನೆಗಳಿಗೆ ಆ ವರ್ಷ ಪಡಿತರದ ಅಕ್ಕಿಯೇ ಆಸರೆ.